ದ್ವೀಪರಾಷ್ಟ್ರಗಳಲ್ಲಿ ಮಹಿಳಾ ಹಕ್ಕು: ಒಡಂಬಡಿಕೆ ಕಡವು ದಾಟಿದ ಬಗೆ

(ಶತಮಾನೋತ್ಸವದ ಮಹಿಳಾಗೋಷ್ಠಿಯಲ್ಲಿ ಶಾಲೆಯ ಹಳೆ ವಿದ್ಯಾರ್ಥಿನಿಯರ ಪರವಾಗಿ ಮಾಡಿದ ಭಾಷಣದ ಲಿಖಿತ ರೂಪ)



ಈ ಗೋಷ್ಠಿಗೆ ವಿಷಯವೊಂದನ್ನು ಆರಿಸಿಕೊಳ್ಳಿರೆಂದು ಶತಮಾನೋತ್ಸವ ಸಮಿತಿಯವರು ಕೇಳಿದಾಗ ನಾವು ಪೆಸಿಫಿಕ್ ಸಾಗರದ ದ್ವೀಪರಾಷ್ಟ್ರಗಳ ಹೆಸರು ಹೇಳಿದೆವು. ಸಮಿತಿಯ ಹಿರಿಯರೊಬ್ಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಅಷ್ಟು ದೂರ ಹೋಗಬೇಕೇ ಮಕ್ಕಳೇ?" ಎಂದು ನಕ್ಕರು. ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಮೊದಲಿಗೆ ಹೇಳುತ್ತೇವೆ. ನಮ್ಮ ತಾಯಂದಿರು ಈ ಶಾಲೆಗೆ ಬಂದದ್ದು ಕಡವಿನ ದೋಣಿಯಲ್ಲಿ. ಮಳೆಗಾಲದಲ್ಲಿ ಹೊಳೆ ತುಂಬಿ ಕಡವು ನಿಂತಿತೆಂದರೆ ಆಚೆ ದಡದ ಹೆಣ್ಣುಮಕ್ಕಳಿಗೆ ಅಂದಿನ ಪಾಠ ತಪ್ಪಿತು. ಸರಕಾರದ ದಾಖಲೆಯಲ್ಲಿ ಮಾತ್ರ ಶಿಕ್ಷಣವು ಎರಡೂ ದಡಗಳಿಗೆ ಸಮಾನವಾಗಿಯೇ ಇತ್ತು. ರಾಜಧಾನಿಯಲ್ಲಿ ಬರೆದುಕೊಟ್ಟ ಹಕ್ಕು ನೀರು ದಾಟಿ ಹೆಣ್ಣೊಬ್ಬಳ ಮನೆಬಾಗಿಲಿಗೆ ಹೇಗೆ ತಲುಪುತ್ತದೆ ಎಂಬುದನ್ನು ನೋಡಬೇಕಾದರೆ, ಎಲ್ಲೆಲ್ಲೂ ನೀರೇ ಇರುವ ದೇಶಗಳನ್ನು ನೋಡುವುದು ಒಳಿತೆಂದು ನಮಗೆ ತೋರಿತು. ಇನ್ನೊಂದು ಕಾರಣವೂ ಇದೆ. ಅದನ್ನು ಕೊನೆಗೆ ಹೇಳುತ್ತೇವೆ.

ನಾವು ಹೇಳಹೊರಟಿರುವುದು 1979ರ ಡಿಸೆಂಬರ್ 18ರಂದು ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ, ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯಗಳ ನಿರ್ಮೂಲನದ ಒಡಂಬಡಿಕೆಯ ಕುರಿತು. ಹೆಸರು ಉದ್ದವಾದುದರಿಂದ ಲೋಕವೆಲ್ಲ ಅದನ್ನು ಸೀಡಾ ಎನ್ನುತ್ತದೆ. ಅದಕ್ಕೂ ಮೂರು ದಶಕ ಹಿಂದೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಕರಡಿನಲ್ಲಿ 'ಎಲ್ಲ ಪುರುಷರೂ' ಎಂಬರ್ಥದ ಮಾತಿದ್ದುದನ್ನು 'ಎಲ್ಲ ಮಾನವರೂ' ಎಂದು ತಿದ್ದಿಸಿದವರು ನಮ್ಮ ದೇಶದ ಹಂಸಾ ಮೆಹ್ತಾ ಅವರು. ಆದರೂ ಸೀಡಾವನ್ನು ನಮ್ಮ ದೇಶ ಅನುಮೋದಿಸಿದ್ದು 1993ರಲ್ಲಿ. ಅದೂ ಸಮುದಾಯಗಳ ವೈಯಕ್ತಿಕ ವ್ಯವಹಾರಗಳಲ್ಲಿ ಅವುಗಳ ಒಪ್ಪಿಗೆಯಿಲ್ಲದೆ ಕೈಹಾಕುವುದಿಲ್ಲವೆಂಬ ಹೇಳಿಕೆಯೊಡನೆ. ಆದುದರಿಂದ ಸಣ್ಣ ದೇಶಗಳ ಕುಂದುಗಳನ್ನು ಎತ್ತಿ ಹೇಳುವಾಗ ನಾವು ಎತ್ತರದ ಪೀಠದಲ್ಲಿ ಕುಳಿತಿಲ್ಲ ಎಂಬುದು ನೆನಪಿನಲ್ಲಿರಲಿ. ವಿಶ್ವಸಂಸ್ಥೆಯ ಸದಸ್ಯರಾದ ಪೆಸಿಫಿಕ್ ದ್ವೀಪರಾಷ್ಟ್ರಗಳಲ್ಲಿ ಟೊಂಗಾ ಮತ್ತು ಪಲಾವ್ ಎಂಬೆರಡನ್ನು ಬಿಟ್ಟರೆ ಉಳಿದವೆಲ್ಲ ಒಡಂಬಡಿಕೆಗೆ ಸೇರಿವೆ. 1992ರಲ್ಲಿ ಸಮೋವಾ ಮೊದಲು ಸೇರಿತು.

ಸೇರಿದ ಮಾತ್ರಕ್ಕೆ ಏನಾಗುತ್ತದೆ? ಟುವಾಲು ಎಂಬ ದೇಶವಿದೆ. ಒಂಬತ್ತು ದ್ವೀಪಗಳು, ಒಟ್ಟು ನೆಲ 26 ಚದರ ಕಿಲೋಮೀಟರು, ಜನ ಹನ್ನೊಂದು ಸಾವಿರದ ಆಸುಪಾಸು. 1999ರಲ್ಲಿ ಅದು ಸೀಡಾವನ್ನು ಒಪ್ಪಿಕೊಂಡಿತು. ಅಲ್ಲಿನ ಭೂಕಾನೂನಿನಂತೆ, ಮದುವೆಯಿಲ್ಲದೆ ಹುಟ್ಟಿದ ಮಗುವನ್ನು ತಂದೆ ತನ್ನದೆಂದು ಒಪ್ಪಿದರೆ, ಎರಡು ವರ್ಷ ತುಂಬಿದ ಮೇಲೆ ಮಗು ತಂದೆಯ ಕಡೆಗೆ ಹೋಗಬೇಕು. ತಾಯಿಯೊಬ್ಬಳು ಇದನ್ನು ಪ್ರಶ್ನಿಸಿದಳು. 2005ರಲ್ಲಿ ಉಚ್ಚ ನ್ಯಾಯಾಲಯ ಕೊಟ್ಟ ಉತ್ತರ ಇದು: ಸಂವಿಧಾನದ ತಾರತಮ್ಯ ನಿಷೇಧದ ಪಟ್ಟಿಯಲ್ಲಿ ಲಿಂಗ ಎಂಬ ಪದವಿಲ್ಲ, ಒಡಂಬಡಿಕೆಯನ್ನು ದೇಶದ ಕಾನೂನಾಗಿ ಮಾಡಿಕೊಂಡಿಲ್ಲ. ಸಹಿ ಇತ್ತು, ಸೇತುವೆ ಇರಲಿಲ್ಲ. ನಮ್ಮಲ್ಲಿಯೂ ಒಡಂಬಡಿಕೆ ತಾನಾಗಿ ಕಾನೂನಾಗುವುದಿಲ್ಲ. ಆದರೆ 1997ರ ವಿಶಾಖಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾನೂನು ಬರುವವರೆಗೆ ಸೀಡಾದ ಮಾತನ್ನೇ ಆಧಾರವಾಗಿಟ್ಟುಕೊಂಡು ಕೆಲಸದ ಸ್ಥಳದ ಲೈಂಗಿಕ ಕಿರುಕುಳಕ್ಕೆ ನಿಯಮಗಳನ್ನು ವಿಧಿಸಿತು. ಟುವಾಲುವಿನ ಸಂವಿಧಾನದಲ್ಲಿ ಆ ಒಂದು ಪದ ಸೇರಲು 2023 ಬರಬೇಕಾಯಿತು.

ವನುವಾಟುವಿನ ಕಥೆಯನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ. ಎಂಬತ್ತಕ್ಕೂ ಮಿಕ್ಕಿದ ದ್ವೀಪಗಳು, ನೂರಕ್ಕೂ ಮಿಕ್ಕಿದ ಭಾಷೆಗಳು. 1980ರಲ್ಲಿ ಬ್ರಿಟಿಷರ ಮತ್ತು ಫ್ರೆಂಚರ ಜಂಟಿ ಆಳ್ವಿಕೆಯಿಂದ ಬಿಡುಗಡೆ ಪಡೆದಾಗ ಅದು ಬರೆದುಕೊಂಡ ಸಂವಿಧಾನ ಎರಡು ಮಾತುಗಳನ್ನು ಒಟ್ಟಿಗೆ ಹೇಳಿತು. ಭೂಮಿಯೆಲ್ಲ ಸಂಪ್ರದಾಯದ ಒಡೆಯರದು, ಅದರ ಒಡೆತನಕ್ಕೆ ಸಂಪ್ರದಾಯದ ನಿಯಮಗಳೇ ಆಧಾರ ಎಂಬುದು ಒಂದು; ಹೆಣ್ಣುಗಂಡೆಂಬ ಭೇದವಿಲ್ಲದೆ ಎಲ್ಲರಿಗೂ ಮೂಲಭೂತ ಹಕ್ಕುಗಳಿವೆ ಎಂಬುದು ಇನ್ನೊಂದು. ಎರಡೂ ಒಳ್ಳೆಯ ಮಾತುಗಳೇ. ಒಂದೇ ಅಂಗಳದಲ್ಲಿ ಅವು ಎದುರಾದರೆ?

ಸಾಂಟೋ ದ್ವೀಪದಲ್ಲಿ ಶಾಂಪೇನ್ ಬೀಚ್ ಎಂಬ ಬಿಳಿಮರಳಿನ ಕಡಲತೀರವಿದೆ. ಪ್ರವಾಸಿ ಹಡಗುಗಳು ಬರುತ್ತವೆ, ಹಣ ಬರುತ್ತದೆ. ಆ ಜಮೀನಿನ ಒಡೆತನ ಒಂದು ಕುಟುಂಬದ್ದೆಂದು ತೀರ್ಮಾನವಾಗಿ, ಕುಟುಂಬದ ಪರವಾಗಿ ಒಬ್ಬನ ಹೆಸರು ದಾಖಲಾಯಿತು. ಪ್ರತಿನಿಧಿಯಾದವನು ಕ್ರಮೇಣ ತಾನೇ ಒಡೆಯನೆಂಬಂತೆ ನಡೆದುಕೊಂಡ. ಕುಟುಂಬದ ಇತರರು ನ್ಯಾಯಾಲಯಕ್ಕೆ ಹೋದರು. ಹೆಣ್ಣುಮಕ್ಕಳ ಕಡೆಯವರಿಗೂ ಪಾಲುಂಟೇ ಎಂಬ ಪ್ರಶ್ನೆ ಎದ್ದಿತು. ಜಾನ್ ನೋಯೆಲ್ ಮತ್ತು ಓಬೆಡ್ ಟೋಟೋ ನಡುವಿನ ಈ ಮೊಕದ್ದಮೆಯಲ್ಲಿ 1995ರಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪು ಸ್ಪಷ್ಟವಾಗಿತ್ತು: ಹೆಣ್ಣಿಗೆ ಗಂಡಿಗಿಂತ ಕಡಿಮೆ ಹಕ್ಕನ್ನು ಕೊಡುವ ಸಂಪ್ರದಾಯ ಸಂವಿಧಾನದ ಮುಂದೆ ನಿಲ್ಲದು. ಅದೇ ವರ್ಷ ವನುವಾಟು ಸೀಡಾವನ್ನೂ ಅನುಮೋದಿಸಿತು.

ಇಲ್ಲಿ ಕುಳಿತಿರುವ ಹಿರಿಯರಿಗೆ ಈ ಕಥೆ ಎಲ್ಲಿಯೋ ಕೇಳಿದಂತಿರಬೇಕು. ನಮ್ಮ ಅಳಿಯಕಟ್ಟಿನ ಮನೆಗಳಲ್ಲಿ ಆಸ್ತಿ ಹೆಣ್ಣಿನ ಸಂತಾನದಲ್ಲಿ ಹರಿಯುತ್ತಿತ್ತು; ಪಟ್ಟೆ, ಬೀಗದ ಕೈ, ಲೆಕ್ಕದ ಪುಸ್ತಕಗಳು ಮಾತ್ರ ಸೋದರಮಾವನಾದ ಯಜಮಾನನಲ್ಲಿ. ವನುವಾಟುವಿನ ಪೆಂಟೆಕಾಸ್ಟ್ ದ್ವೀಪದ ಉತ್ತರದಲ್ಲಿಯೂ ಕುಲ ತಾಯಿಯಿಂದಲೇ ಬರುತ್ತದೆ. ಊರಿನ ಸಭಾಮನೆಯಲ್ಲಿ ಮಾತು ಮಾತ್ರ ಗಂಡಸರದು. ನಮ್ಮದು ಮಾತೃಮೂಲದ ನಾಡು ಎಂದು ಹೆಮ್ಮೆಪಡುವಾಗ, ಆ ಹೆಮ್ಮೆಯಲ್ಲಿ ನಮ್ಮ ಅಜ್ಜಿಯಂದಿರ ಸಹಿ ಎಷ್ಟು ಕಾಗದಗಳ ಮೇಲಿತ್ತು ಎಂದೂ ಕೇಳಿಕೊಳ್ಳಬೇಕಾಗುತ್ತದೆ.

ತೀರ್ಪು ಬಂತು. ಮನೆಯೊಳಗಿನ ಹೊಡೆತಕ್ಕೆ ಕಾನೂನು ಬರಲು ಮತ್ತೂ ಕಾಲ ಹಿಡಿಯಿತು. ಕುಟುಂಬ ರಕ್ಷಣೆಯ ಮಸೂದೆ ದಶಕಕ್ಕೂ ಹೆಚ್ಚು ಕಾಲ ಅಲೆದಾಡಿ 2008ರಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾಯಿತು. ಅದು ಸಂವಿಧಾನಕ್ಕೆ ಒಪ್ಪುವುದೇ ಎಂದು ಅಧ್ಯಕ್ಷರು ಸರ್ವೋಚ್ಚ ನ್ಯಾಯಾಲಯವನ್ನು ಕೇಳಿದರು. ಒಪ್ಪುತ್ತದೆ ಎಂದು ನ್ಯಾಯಾಲಯ ಹೇಳಿದ ಮೇಲೆಯೇ ಅಂಕಿತ ಬಿತ್ತು. ಆ ಕಾನೂನಿನ ಎರಡು ಕಲಮುಗಳನ್ನು ಓದಿ ನಾವು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕುಳಿತಿದ್ದೆವು. ಒಂದು: ಮದುವೆಗೆಂದು ಹೆಣ್ಣಿನ ಕಡೆಗೆ ಹಣವನ್ನೋ ಬೆಲೆಯುಳ್ಳ ವಸ್ತುವನ್ನೋ ಕೊಟ್ಟಿದ್ದೇನೆಂಬುದು ಅವಳನ್ನು ಹೊಡೆದುದಕ್ಕೆ ಸಮರ್ಥನೆಯಾಗದು. ತೆರ ಕೊಟ್ಟು ಹೆಣ್ಣು ತರುವ ಪದ್ಧತಿಯನ್ನು ಕಾನೂನು ರದ್ದು ಮಾಡಲಿಲ್ಲ. ಅದು ಕೊಡುತ್ತಿದ್ದ ಅಧಿಕಾರವನ್ನಷ್ಟೇ ಕಿತ್ತುಕೊಂಡಿತು. ಇನ್ನೊಂದು: ನ್ಯಾಯಾಲಯವಿಲ್ಲದ ದ್ವೀಪದಲ್ಲಿ, ಅಲ್ಲಿಯೇ ನೆಲಸಿರುವ ಅಧಿಕೃತ ವ್ಯಕ್ತಿಯೊಬ್ಬರು ತಾತ್ಕಾಲಿಕ ರಕ್ಷಣಾದೇಶವನ್ನು ಕೊಡಬಹುದು.

ಈ ಎರಡನೆಯ ಕಲಮಿನ ಬೆಲೆ ಕಡವು ಕಂಡವರಿಗೆ ಗೊತ್ತು. ಹೊಡೆತ ತಿಂದ ಹೆಣ್ಣು ಯಂತ್ರದೋಣಿಗೆ ಎಣ್ಣೆಯ ದುಡ್ಡು ಹೊಂದಿಸಿ, ಕಡಲು ಶಾಂತವಾಗುವುದನ್ನು ಕಾದು, ಮಗುವನ್ನು ಕಂಕುಳಲ್ಲಿಟ್ಟು ಇನ್ನೊಂದು ದ್ವೀಪದ ನ್ಯಾಯಾಧೀಶರ ಮುಂದೆ ನಿಲ್ಲಬೇಕು. ಆ ದೋಣಿ ಹೊಡೆದವನ ಅಣ್ಣತಮ್ಮಂದಿರದೇ ಆಗಿದ್ದರೂ ಆಶ್ಚರ್ಯವಿಲ್ಲ. ಕಾನೂನು ಬರೆದವರು ಇದನ್ನು ಅರಿತಿದ್ದರು. ಆದರೂ ಹಲವು ವರ್ಷ ಆ ಕಲಮು ಕಾಗದದಲ್ಲಿಯೇ ಉಳಿದು, ಮುಂದೆ ಕೆಲವೆಡೆ ಮಾತ್ರ ಪ್ರಾಯೋಗಿಕವಾಗಿ ಜಾರಿಯಾಯಿತು. ನಡುವಿನ ತೆರಪನ್ನು ತುಂಬಿದವರು 1992ರಲ್ಲಿ ಆರಂಭವಾದ ವನುವಾಟು ಮಹಿಳಾ ಕೇಂದ್ರದವರು ಮತ್ತು ಅವರು ದೂರದ ದ್ವೀಪಗಳ ಊರೂರುಗಳಲ್ಲಿ ಕಟ್ಟಿದ ಸ್ವಯಂಸೇವಕ ಸಮಿತಿಗಳು. ಗಂಡ ಅಥವಾ ಸಂಗಾತಿಯ ಕೈಯಲ್ಲಿ ದೈಹಿಕ ಇಲ್ಲವೆ ಲೈಂಗಿಕ ಹಿಂಸೆ ಅನುಭವಿಸಿದವರು ಶೇ. 60 ಎಂದು 2011ರಲ್ಲಿ ಪ್ರಕಟವಾದ ಸಮೀಕ್ಷೆಯಿಂದ ಲೆಕ್ಕ ತೆಗೆದವರೂ ಈ ಕೇಂದ್ರದವರೇ. ಕಾನೂನುಗಳು ಇಂಗ್ಲಿಷ್ ಮತ್ತು ಫ್ರೆಂಚಿನಲ್ಲಿದ್ದರೆ ಇವರು ಊರ ಅಂಗಳದಲ್ಲಿ ಕುಳಿತು ಬಿಸ್ಲಾಮಾ ಭಾಷೆಯಲ್ಲಿ ಹೇಳುತ್ತಾರೆ. ಊರಿನ ಮುಖ್ಯಸ್ಥನನ್ನು ಬಿಟ್ಟು ಸಭೆ ಸೇರಿಸುವುದಿಲ್ಲ. ಇದು ರಾಜಿಯೆಂದು ಕೆಲವರಿಗೆ ಅನ್ನಿಸಬಹುದು. ನಮಗೆ ಇದು ವಿವೇಕವೆಂದೇ ತೋರುತ್ತದೆ. ಸಭೆ ಮುಗಿದ ಮೇಲೂ ಹೆಣ್ಣು ಆ ಊರಿನಲ್ಲಿಯೇ ಬಾಳಬೇಕಷ್ಟೆ.

ಫಿಜಿಯ ಹೆಸರು ನಮ್ಮವರಿಗೆ ಅಪರಿಚಿತವಲ್ಲ. 1879ರಿಂದ 1916ರವರೆಗೆ ಅರುವತ್ತು ಸಾವಿರದಷ್ಟು ಭಾರತೀಯರು ಗಿರ್ಮಿಟ್ ಕೂಲಿಗಳಾಗಿ ಅಲ್ಲಿನ ಕಬ್ಬಿನ ಗದ್ದೆಗಳಿಗೆ ಹೋದರು. 1903ರಿಂದ ಮದ್ರಾಸಿನ ಬಂದರಿನಿಂದಲೂ ಹಡಗುಗಳು ಹೊರಟವು. 1995ರಲ್ಲಿ ಫಿಜಿ ಸೀಡಾಕ್ಕೆ ಸೇರಿದಾಗ, ಸಂಪ್ರದಾಯಗಳನ್ನು ತಿದ್ದಬೇಕೆನ್ನುವ ಕಲಮಿಗೆ ಒಪ್ಪಿಗೆಯಿಲ್ಲವೆಂದು ಬರೆದು ಸೇರಿತು. 2000ದಲ್ಲಿ ಆ ಮಾತನ್ನು ಹಿಂದೆಗೆದುಕೊಂಡಿತು. 2002ರಲ್ಲಿ ವಿಶ್ವಸಂಸ್ಥೆಯ ಸಮಿತಿಯ ಮುಂದೆ ಅದು ಮೊದಲ ವರದಿ ಒಪ್ಪಿಸಿದಾಗ ಚರ್ಚೆ ನಿಂತದ್ದು ಬುಲುಬುಲು ಎಂಬ ಆಚಾರದ ಮೇಲೆ. ತಪ್ಪು ಮಾಡಿದವನ ಕಡೆಯವರು ತಿಮಿಂಗಿಲದ ಹಲ್ಲನ್ನು ಕಾಣಿಕೆಯಾಗಿ ಹಿಡಿದು, ನೊಂದವರ ಮನೆಗೆ ಹೋಗಿ, ತಲೆತಗ್ಗಿಸಿ ಕ್ಷಮೆ ಕೇಳುವ ಆಚಾರವದು. ಊರು ಒಡೆಯದಂತೆ ಕಾಯುವ ಸುಂದರ ಪದ್ಧತಿಯೇ ಸರಿ. ಆದರೆ ಅತ್ಯಾಚಾರವಾದಾಗಲೂ ಅದೇ ನಡೆಯತೊಡಗಿ, ಕಾಣಿಕೆಯನ್ನು ಸ್ವೀಕರಿಸುವವರು ಹುಡುಗಿಯ ತಂದೆಯೋ ಹಿರಿಯರೋ ಆಗಿ, ಆಚಾರ ನಡೆದಿದೆಯೆಂಬ ಕಾರಣಕ್ಕೆ ಪ್ರಕರಣ ಕೈಬಿಡುವುದೋ ಶಿಕ್ಷೆ ಇಳಿಸುವುದೋ ಆಗುತ್ತಿತ್ತು. ಹುಡುಗಿ ಕ್ಷಮಿಸಿದಳೇ ಎಂದು ಕೇಳಿದವರಿಲ್ಲ. ಫಿಜಿಯ ಮಹಿಳಾ ಸಂಘಟನೆಗಳು ಆಚಾರವನ್ನೇ ಅಳಿಸಿರೆಂದು ಹೇಳಲಿಲ್ಲ. ಅತ್ಯಾಚಾರದಲ್ಲಿ ಅದನ್ನು ನ್ಯಾಯಾಲಯದ ಬದಲಿಗೆ ಬಳಸಬಾರದು ಎಂದವು. ಈ ಸೂಕ್ಷ್ಮವನ್ನು ಹೊರಗಿನವರಿಗಿಂತ ಅಲ್ಲಿಯವರೇ ಚೆನ್ನಾಗಿ ಹಿಡಿದರು. ಮರುವರ್ಷ, 2003ರಲ್ಲಿ, ಅವರ ದೀರ್ಘ ಹೋರಾಟದ ಫಲವಾಗಿ ಬಂದ ಕುಟುಂಬ ಕಾನೂನಿನಲ್ಲಿ ನ್ಯಾಯಾಲಯವು ಸೀಡಾವನ್ನು ಗಮನದಲ್ಲಿಡಬೇಕೆಂದು ಹೆಸರು ಹಿಡಿದೇ ಬರೆಯಲಾಗಿದೆ. ವಿಚ್ಛೇದನಕ್ಕಾಗಿ ಗಂಡಹೆಂಡಿರಲ್ಲಿ ಒಬ್ಬರ ತಪ್ಪನ್ನು ಇನ್ನೊಬ್ಬರು ಸಾಬೀತು ಮಾಡಬೇಕೆಂಬ ಹಳೆಯ ನಿಯಮವೂ ಹೋಯಿತು. ಗಿರ್ಮಿಟಿಗರ ಮೊಮ್ಮಕ್ಕಳಿಗೂ ಮೂಲನಿವಾಸಿ ಹೆಣ್ಣುಮಕ್ಕಳಿಗೂ ಅದು ಒಂದೇ ಕಾನೂನು.

ಸಮೋವಾದ ಪ್ರಸಂಗವನ್ನು ಹೇಳದೆ ಬಿಟ್ಟರೆ ನಿಮಗೆ ನಗುವ ಒಂದು ಅವಕಾಶ ತಪ್ಪೀತು. ಅಲ್ಲಿ 2013ರ ತಿದ್ದುಪಡಿಯಿಂದ ಸಂಸತ್ತಿನಲ್ಲಿ ಕನಿಷ್ಠ ಶೇ. 10 ಸ್ಥಾನ ಮಹಿಳೆಯರಿಗೆ ಮೀಸಲು. 2021ರ ಚುನಾವಣೆಯಲ್ಲಿ 51 ಸ್ಥಾನಗಳಿದ್ದವು; ಗೆದ್ದ ಮಹಿಳೆಯರು ಐವರು. ಹತ್ತನೆಯ ಒಂದು ಪಾಲು ಐದೂ ಒಂದು ದಶಾಂಶವಾಯಿತು! ಆ ದಶಾಂಶವನ್ನು ಹಿಡಿದು, ಸೋಲಿನ ಅಂಚಿನಲ್ಲಿದ್ದ ಆಳುವ ಪಕ್ಷದಿಂದ ಆರನೆಯ ಮಹಿಳೆಯನ್ನು ಸೇರಿಸಲಾಯಿತು. ಆಗ ಎರಡೂ ಕಡೆ ಸಮಬಲವಾಗಿ, ದೇಶದ ಮೊದಲ ಮಹಿಳಾ ಪ್ರಧಾನಿಯಾಗಬೇಕಿದ್ದ ಫಿಯಾಮೆ ನವೋಮಿ ಮತಾಫಾ ಅವರ ದಾರಿಗೆ ಮಹಿಳಾ ಮೀಸಲಾತಿಯೇ ಅಡ್ಡ ನಿಂತಿತು. ಬೀಗ ಹಾಕಿದ ಸಂಸತ್ತಿನ ಹೊರಗೆ, ಡೇರೆಯೊಂದರಲ್ಲಿ, ಮೇ 24ರಂದು ಅವರು ಪ್ರಮಾಣವಚನ ಸ್ವೀಕರಿಸಿದರು. ಆರು ಎಂಬುದೇ ಸರಿಯಾದ ಲೆಕ್ಕ, ಆದರೆ ಅದನ್ನು ತುಂಬುವ ಕಾಲ ಇದಲ್ಲ ಎಂದು ಮೇಲ್ಮನವಿ ನ್ಯಾಯಾಲಯ ಹೇಳಿತು. ಜುಲೈಯಲ್ಲಿ ಡೇರೆಯ ಪ್ರಮಾಣವಚನವನ್ನೂ ಎತ್ತಿಹಿಡಿಯಿತು.

ಇನ್ನು ಕೊನೆಗೆ ಹೇಳುತ್ತೇವೆಂದ ಕಾರಣ. ನಮ್ಮ ಬೆಂಚಿನಲ್ಲಿಯೇ ಕುಳಿತು ಏಳನೆಯವರೆಗೆ ಓದಿದ ಗೆಳತಿಯೊಬ್ಬಳಿದ್ದಾಳೆ. ಓದು ಎಂದರೆ ಅವಳಿಗೆ ಕನ್ನಡ ಮಾತ್ರ. ಗಂಡನ ಹೊಡೆತ ತಾಳಲಾರದೆ ಅವಳು ದೂರು ಕೊಡಹೋದ ಕಡೆ, ಅವಳ ಮುಂದೆ ಒಂದು ಕಾಗದವನ್ನಿಟ್ಟರು. ಓದಲು ಬರಲಿಲ್ಲ. ಕೇಳಲು ಅಂಜಿ ಸಹಿ ಹಾಕಿದಳು. ರಾಜಿಗೆ ಒಪ್ಪಿ ಗಂಡನ ಮನೆಗೆ ಮರಳುತ್ತೇನೆಂದು ಅದರಲ್ಲಿ ಬರೆದಿತ್ತೆಂಬುದು ಅವಳಿಗೆ ತಿಳಿದದ್ದು ವಾರ ಕಳೆದ ಮೇಲೆ, ನಮ್ಮಲ್ಲೊಬ್ಬರು ಓದಿ ಹೇಳಿದಾಗ. 1956ರಲ್ಲಿ ಗಡಿಗೆರೆ ಬಿದ್ದಂದಿನಿಂದ ಭಾಷಾ ಅಲ್ಪಸಂಖ್ಯಾತರಿಗೆ ಸಂವಿಧಾನ ಕೊಟ್ಟ ಭರವಸೆಗಳನ್ನು ಕೈಯಲ್ಲಿ ಹಿಡಿದು ಎಷ್ಟು ಬಾಗಿಲುಗಳನ್ನು ತಟ್ಟಿದ್ದೇವೆಂಬುದನ್ನು ಈ ಶಾಲೆಯ ಹೆತ್ತವರಿಗೆ ನಾವು ವಿವರಿಸಬೇಕಾಗಿಲ್ಲ.

ನಮ್ಮ ದೇಶದಲ್ಲಿಯೂ 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ ಕಾನೂನಿದೆ. ಅದರ ಉದ್ದೇಶಗಳ ಹೇಳಿಕೆಯಲ್ಲಿ ಸೀಡಾ ಸಮಿತಿಯ ಶಿಫಾರಸಿನ ಉಲ್ಲೇಖವಿದೆ. ಆ ಕಾನೂನಿನಡಿ ದೂರು ಕೊಡುವ ಬಗೆ, ರಕ್ಷಣಾಧಿಕಾರಿಯ ಕೆಲಸ, ಸಹಿ ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆಗಳು, ಇಷ್ಟನ್ನು ನಾವು ಸರಳ ಕನ್ನಡದಲ್ಲಿ ನಾಲ್ಕು ಪುಟಗಳಲ್ಲಿ ಬರೆದಿದ್ದೇವೆ. ಕಾನೂನು ಬಲ್ಲ ಹಳೆ ವಿದ್ಯಾರ್ಥಿಗಳಿಬ್ಬರು ಅದನ್ನು ತಿದ್ದಿಕೊಟ್ಟಿದ್ದಾರೆ. ಪ್ರತಿಗಳನ್ನು ಸಭಾಂಗಣದ ಮೂಡುಬಾಗಿಲ ಬಳಿಯ ಮೇಜಿನ ಮೇಲಿಟ್ಟಿದೆ. ಹೋಗುವಾಗ ಒಂದನ್ನು ನಿಮಗೆಂದೂ ಇನ್ನೊಂದನ್ನು ನೆರೆಮನೆಗೆಂದೂ ಒಯ್ಯಿರಿ. ಅರ್ಥವಾಗದ ವಾಕ್ಯವಿದ್ದರೆ ಅಡಿಗೆರೆ ಎಳೆದು ಮರಳಿ ಕೊಡಿರಿ; ಮುಂದಿನ ಮುದ್ರಣದಲ್ಲಿ ತಿದ್ದುತ್ತೇವೆ.