ಗಾಯ ಮಾಯಿತು, ಉರಿ ಆರಲಿಲ್ಲ

ಸರ್ಪಸುತ್ತು ಎದ್ದು, ಗುಳ್ಳೆಗಳೆಲ್ಲ ಒಣಗಿ, ಚರ್ಮ ಮೊದಲಿನಂತಾದ ಮೇಲೂ ಅಂಗಿ ತಾಗಿದರೆ ಕೆಂಡ ಇಟ್ಟ ಹಾಗಾಗುತ್ತದೆ ಎನ್ನುವವರು ನಿಮ್ಮ ಊರಿನಲ್ಲೂ ಇರಬಹುದು. ಲಕ್ವ ಹೊಡೆದು ಚೇತರಿಸಿಕೊಂಡವರ ಕೈ ಹಗಲೂ ರಾತ್ರಿ ಉರಿಯುವುದುಂಟು. ಕತ್ತರಿಸಿ ತೆಗೆದ ಕಾಲಿನ ಹೆಬ್ಬೆರಳು ನೋಯುವುದೂ ಉಂಟು. "ಎಕ್ಸ್‌ರೇಯಲ್ಲಿ ಏನೂ ಇಲ್ಲವಂತೆ, ಸುಮ್ಮನೆ ನರಳುತ್ತಾರೆ" ಎಂದು ಮನೆಯವರು ಬೇಸರಪಡುತ್ತಾರೆ. ಆದರೆ ನೋವು ಸುಳ್ಳಲ್ಲ. ಎಕ್ಸ್‌ರೇ ಎಲುಬನ್ನು ತೋರಿಸುತ್ತದೆಯೇ ಹೊರತು ನರದ ಕೆಲಸ ಕೆಟ್ಟದ್ದನ್ನು ತೋರಿಸುವುದಿಲ್ಲ.

ಮುಳ್ಳು ಚುಚ್ಚಿದರೆ ನರ ಸುದ್ದಿ ಒಯ್ಯುತ್ತದೆ. ನರಕ್ಕೇ ಅಥವಾ ಮಿದುಳಿಗೇ ಪೆಟ್ಟಾದರೆ ಮುಳ್ಳಿಲ್ಲದೆಯೂ ಸುದ್ದಿ ಹೋಗುತ್ತಲೇ ಇರುತ್ತದೆ. ಬಾಗಿಲಲ್ಲಿ ಯಾರೂ ಇಲ್ಲ, ಕರೆಗಂಟೆ ಬಡಿಯುತ್ತಲೇ ಇದೆ. ಸಾಮಾನ್ಯ ನೋವಿನ ಮಾತ್ರೆ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ವೈದ್ಯರು ಅಮಿಟ್ರಿಪ್ಟಿಲಿನ್, ಗಾಬಾಪೆಂಟಿನ್‌ನಂತಹ ಮಾತ್ರೆ ಬರೆಯುತ್ತಾರೆ. ಮನೋರೋಗದ ಮಾತ್ರೆ, ಫಿಟ್ಸಿನ ಮಾತ್ರೆ ಎಂದು ಯಾರೋ ಹೇಳಿದರೆಂದು ಬಿಸಾಡಬೇಡಿ. ನರದ ನೋವಿಗೆ ಮೊದಲ ಮದ್ದು ಅವೇ.

ಅವುಗಳಿಗೂ ಬಗ್ಗದ ನೋವಿದ್ದರೆ? ಕರೆಂಟಿನಿಂದ ನೋವು ತಗ್ಗಿಸುವ ಯೋಚನೆ ಬಹಳ ಹಳೆಯದು. ತಲೆನೋವಿಗೆ ಕರೆಂಟು ಹೊಡೆಯುವ ಕಡಲ ಮೀನನ್ನು ಹಣೆಗೆ ತಾಗಿಸಬೇಕೆಂದು 1ನೆಯ ಶತಮಾನದ ರೋಮನ್ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ಬರೆದಿದ್ದ. ಮೀನಿನ ಕಥೆ ಹಾಗಿರಲಿ. 1991ರಲ್ಲಿ ಜಪಾನಿನ ತಕಾಶಿ ತ್ಸುಬೊಕಾವಾ ಮತ್ತು ಸಂಗಡಿಗರು ಲಕ್ವದ ನಂತರದ ನೋವಿಗೆ ತಲೆಬುರುಡೆ ತೆರೆದು, ಮಿದುಳಿನ ಹೊದಿಕೆಯ ಮೇಲೆ ವಿದ್ಯುತ್ ಪಟ್ಟಿ ಇಟ್ಟು ಫಲ ಕಂಡರು. ಸೋಜಿಗವೆಂದರೆ, ಫಲ ಕೊಟ್ಟದ್ದು ಸ್ಪರ್ಶ ತಿಳಿಯುವ ಭಾಗವಲ್ಲ, ಕೈಕಾಲು ಆಡಿಸುವ ಭಾಗ! ಅಲ್ಲಿ ಎಬ್ಬಿಸಿದ ಅಲೆ ಒಳಗಿನ ನೋವಿನ ಕೇಂದ್ರಗಳಿಗೂ ಮುಟ್ಟುತ್ತದೆ. ದೇಹವೇ ತಯಾರಿಸಿಕೊಳ್ಳುವ ಅಫೀಮಿನಂತಹ ವಸ್ತುಗಳಿಗೂ ಇದರಲ್ಲಿ ಪಾತ್ರವಿದೆ.

ತಲೆ ತೆರೆಯದೆಯೂ ಈ ಭಾಗವನ್ನು ಪ್ರಚೋದಿಸಬಹುದು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು 1985ರಲ್ಲಿ ತೋರಿಸಿದ ಅಯಸ್ಕಾಂತದ ಸುರುಳಿ ಅದಕ್ಕೆ ದಾರಿಯಾಯಿತು. ನೀವು ಕುರ್ಚಿಯಲ್ಲಿ ಎಚ್ಚರವಾಗಿಯೇ ಕುಳಿತಿರುತ್ತೀರಿ. ನೋವು ಬಲಗೈಯಲ್ಲಿದ್ದರೆ ಸುರುಳಿಯನ್ನು ತಲೆಯ ಎಡಭಾಗಕ್ಕೆ ಹಿಡಿಯುತ್ತಾರೆ, ಏಕೆಂದರೆ ಬಲಗೈಯ ಯಜಮಾನಿಕೆ ಎಡ ಮಿದುಳಿನದು. ಟಕಟಕ ಸದ್ದು, ನೆತ್ತಿಯ ಮೇಲೆ ಬೆರಳಿನಿಂದ ತಟ್ಟಿದ ಹಾಗೆ. ಸೆಕೆಂಡಿಗೆ ಸಾಮಾನ್ಯವಾಗಿ 10 ಮಿಡಿತ, ನಡುನಡುವೆ ಬಿಡುವು. ಹೀಗೆ ಹಲವು ದಿನ. ನರದ ನೋವಿಗೆ ಇದರಿಂದ ಗುಣವುಂಟೆಂದು ಯುರೋಪಿನ ತಜ್ಞರು 2014ರಲ್ಲೂ 2020ರಲ್ಲೂ ಒಪ್ಪಿದ್ದಾರೆ.

ಹಾಗೆಂದು ಹೊಲ ಮಾರಿ ಓಡಬೇಡಿ. ಎಲ್ಲರಿಗೂ ಇದು ಹಿಡಿಯುವುದಿಲ್ಲ. ನೋವು ಅರ್ಧಕ್ಕಿಳಿದರೆ ದೊಡ್ಡ ಲಾಭ. ಕೆಲವು ವಾರಗಳಲ್ಲಿ ಫಲ ಇಳಿದು, ಮತ್ತೆ ಮಾಡಿಸಬೇಕಾಗುತ್ತದೆ. ಒಮ್ಮೆ ಮಾಡಿಸಿದರೆ ಜೀವಮಾನವಿಡೀ ನೋವಿಲ್ಲ ಎನ್ನುವವರನ್ನು ನಂಬಬೇಡಿ. ನಮ್ಮ ದೇಶದಲ್ಲಿ ಈ ಯಂತ್ರ ಹೆಚ್ಚಾಗಿ ಖಿನ್ನತೆಯ ಚಿಕಿತ್ಸೆಗೆ ಬಳಕೆಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಇದೆ. ಆದ್ದರಿಂದ ಮನೋರೋಗ ವಿಭಾಗಕ್ಕೆ ಚೀಟಿ ಬರೆದುಕೊಟ್ಟರೆ 'ನನಗೆ ಹುಚ್ಚೆಂದರು' ಎಂದುಕೊಳ್ಳಬೇಡಿ.

ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕು. ಮನೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಬೇರೆ ಭಾಷೆ. ಬರೀ 'ನೋವು' ಎಂದರೆ ವೈದ್ಯರಿಗೆ ನರದ ನೋವೆಂದು ಹೊಳೆಯದು. ಉರಿಯೋ, ಜೋಮೋ, ಇರುವೆ ಹರಿದಂತೆಯೋ, ಕರೆಂಟು ಹೊಡೆದಂತೆಯೋ ಎಂದು ಬಿಡಿಸಿ ಹೇಳಬೇಕು. ಹೊಸೂರಿನವರು 'ಎರಿಚ್ಚಲ್' ಎನ್ನಿ, ಕಾಸರಗೋಡಿನವರು 'ತರಿಪ್ಪು' ಎನ್ನಿ, ಆದೋನಿಯವರು 'ತಿಮ್ಮಿರ್ಲು', ಅಕ್ಕಲಕೋಟೆಯವರು 'ಮುಂಗ್ಯಾ' ಎಂದರೆ ಸಾಕು. ಬಟ್ಟೆ ತಾಗಿದರೂ ನೋಯುವುದಾದರೆ ಅದನ್ನೂ ಹೇಳಿ.

ಅಯಸ್ಕಾಂತದ ಚಿಕಿತ್ಸೆಗೆ ಹೋಗುವವರು ಮೂರ್ಛೆರೋಗ ಇದ್ದರೆ, ತಲೆಯೊಳಗೆ ಲೋಹದ ಕ್ಲಿಪ್ಪು, ಕಿವಿಯೊಳಗೆ ಕೂರಿಸಿದ ಶ್ರವಣಯಂತ್ರ ಅಥವಾ ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಕುರ್ಚಿಯಲ್ಲಿ ಕೂರುವ ಮೊದಲೇ ತಿಳಿಸಬೇಕು. ಹಳೆಯ ಆಪರೇಷನ್ನಿನ ಚೀಟಿಗಳನ್ನು ಜೊತೆಗೆ ಒಯ್ಯಿರಿ.