ಬಾವುಟ ಹಿಡಿದ ಕೈಯಲ್ಲಿ ಒಂದು ಕಾದಂಬರಿಯೂ ಇರಲಿ!

(ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಯುವಕ ಯುವತಿಯರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ನಾನು ಪಂಡಿತನಲ್ಲ. ಪಿಯುಸಿ ಓದಿ ಪ್ರೆಸ್ಸಿಗೆ ಕೂತವನು. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್ಲು, ಪಾವತಿ ಪುಸ್ತಕ, ನಿಮ್ಮ ಹೋರಾಟದ ಕರಪತ್ರ ಅಚ್ಚು ಹಾಕಿ ಹೊಟ್ಟೆ ಹೊರೆಯುವವನು. ರಾತ್ರಿ ಮಷೀನು ನಿಂತ ಮೇಲೆ ಕಾದಂಬರಿ ಓದುವವನು. ಎಂಥ ಕಾದಂಬರಿ? ಪ್ರಶಸ್ತಿ ಬಂದದ್ದೇ ಆಗಬೇಕೆಂದಿಲ್ಲ. ಪ್ರೀತಿ ಪ್ರೇಮದ್ದು, ದೆವ್ವ ಮಾಟದ್ದು, ನಿಧಿ ಹುಡುಕುವುದು, ಮಾಯಾಲೋಕದ್ದು. ಇವತ್ತು ಅವುಗಳ ಬಗ್ಗೆಯೇ ಮಾತು. ‘ಕನ್ನಡದ ಸಭೆಯಲ್ಲಿ ದೆವ್ವದ ಕತೆ ಏಕೆ?’ ಎಂದು ಕೆಲವರು ಮೂಗು ಮುರಿಯಬಹುದು. ಮುರಿಯಲಿ! ಕೊನೆಯತನಕ ಕೇಳಿ ಆಮೇಲೆ ಮುರಿಯಲಿ!

ಅಕ್ಟೋಬರ್ ಬಂದರೆ ರಾಜ್ಯೋತ್ಸವದ ಕರಪತ್ರಗಳು ಪ್ರೆಸ್ಸಿಗೆ ಬರುತ್ತವೆ. ‘ಅಣ್ಣಾರ, ಲಗೂ ಮಾಡಿ ಕೊಡ್ರಿ’ ಎಂದು ಹುಡುಗರು ವಾಟ್ಸಾಪಿನಲ್ಲಿ ಮ್ಯಾಟರು ಕಳಿಸುತ್ತಾರೆ. ಮಾತು ಕನ್ನಡ, ಅಕ್ಷರ ಇಂಗ್ಲಿಷು! ಕನ್ನಡ ಅಕ್ಷರದಲ್ಲೇ ಬಂದರೆ ‘ಹಾರ್ದಿಕ’ ಹೋಗಿ ‘ಹಾರ್ಧಿಕ’ ಆಗಿರುತ್ತದೆ, ‘ಶುಭಾಶಯ’ ಹೋಗಿ ‘ಶುಭಾಷಯ’ ಆಗಿರುತ್ತದೆ. ಕನ್ನಡಕ್ಕಾಗಿ ಲಾಠಿ ಏಟು ತಿನ್ನಲು ತಯಾರಿರುವ ಹುಡುಗರು ಇವರು. ಅವರ ಅಭಿಮಾನಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ಕಾಗುಣಿತ ಅಭಿಮಾನದಿಂದ ಬರುವುದಿಲ್ಲ ಗೆಳೆಯರೇ! ಅದೇ ಶಬ್ದ ಸಾವಿರ ಸಲ ಕಣ್ಣಿಗೆ ಬೀಳಬೇಕು. ಅದಕ್ಕೆ ಸಾವಿರ ಪುಟ ಓದಬೇಕು. ಸಾವಿರ ಪುಟ ಯಾರು ಓದುತ್ತಾರೆ? ‘ಮುಂದೇನಾಯಿತು’ ಎಂಬ ಹುಚ್ಚು ಹಿಡಿದವನು ಓದುತ್ತಾನೆ. ಆ ಹುಚ್ಚು ಹಿಡಿಸುವುದೇ ಈ ಕಾದಂಬರಿಗಳ ಕೆಲಸ.

ಇತಿಹಾಸ ನೋಡಿ. ನಮ್ಮ ಈ ಭಾಗದಲ್ಲಿ ಕನ್ನಡಿಗರ ಮನೆಯಲ್ಲೇ ಮರಾಠಿ ಪುಸ್ತಕ ಓದುತ್ತಿದ್ದ ಕಾಲವೊಂದಿತ್ತು. ಆಗ ಗಳಗನಾಥರು (1869–1942) ಏನು ಮಾಡಿದರು? ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳ ರುಚಿಯನ್ನು ಕನ್ನಡಕ್ಕೆ ಇಳಿಸಿದರು. ತಾವೂ ಬರೆದರು. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಮರಾಠಿಯನ್ನು ಬೈದು ಓದುಗರನ್ನು ಗಳಿಸಲಿಲ್ಲ. ಅಷ್ಟೇ ರುಚಿಯ ಊಟ ಕನ್ನಡದಲ್ಲಿ ಬಡಿಸಿ ಗಳಿಸಿದರು. ಗಡಿನಾಡಿನವರಾದ ನಾವು ಇದನ್ನು ಎದೆಯ ಮೇಲೆ ಬರೆದುಕೊಳ್ಳಬೇಕು.

ಬೆಂಗಳೂರಿನಲ್ಲಿ ಕನ್ನಡ ಚಳವಳಿ ಕಟ್ಟಿದ ಅ.ನ.ಕೃ. ಯಾರು? ನೂರಕ್ಕೂ ಹೆಚ್ಚು ಕಾದಂಬರಿ ಬರೆದ ಜನಪ್ರಿಯ ಲೇಖಕರು. ಅವರ ಕಾದಂಬರಿಗಳನ್ನು ಅಶ್ಲೀಲವೆಂದು ಜರೆದವರಿದ್ದರು. ಅವರು ಅಂಜಲಿಲ್ಲ, ಉತ್ತರವಾಗಿ ಒಂದು ಪುಸ್ತಕವನ್ನೇ ಬರೆದರು. ಇನ್ನು ನಾವು ಹೆಗಲ ಮೇಲೆ ಹೊತ್ತು ಮೆರೆಸುವ ಹಳದಿ ಕೆಂಪು ಬಾವುಟ! ಅದನ್ನು ರೂಪಿಸಿದ ಮ. ರಾಮಮೂರ್ತಿಯವರು ಪತ್ತೇದಾರಿ ಕಾದಂಬರಿಕಾರರು! ಕೊಲೆ, ಕಳವು, ರಹಸ್ಯದ ಕತೆ ಬರೆದು ಜನರಿಗೆ ಕನ್ನಡ ಓದಿಸಿದ ಕೈಯೇ ನಮಗೆ ಬಾವುಟ ಕೊಟ್ಟಿತು. ಇಂಥ ಕಾದಂಬರಿಯನ್ನು ‘ಟೈಂಪಾಸ್’ ಎಂದು ಹೀಯಾಳಿಸುವವರು ಈ ಮಾತಿಗೆ ಉತ್ತರ ಹೇಳಲಿ.

ನಮ್ಮ ಜಿಲ್ಲೆಯೇನು ಬಡವಾಗಿತ್ತೇ? ಗೋಕಾಕದಲ್ಲಿ ಮಾಸ್ತರಿಕೆ ಮಾಡುತ್ತ ಕೃಷ್ಣಮೂರ್ತಿ ಪುರಾಣಿಕರು ಬರೆದ ಸಂಸಾರದ ಕಾದಂಬರಿಗಳು ಮನೆಮನೆ ಹೊಕ್ಕವು. ಅವರ ‘ಧರ್ಮದೇವತೆ’ 1962ರಲ್ಲಿ ‘ಕರುಣೆಯೇ ಕುಟುಂಬದ ಕಣ್ಣು’ ಎಂಬ ಸಿನಿಮಾ ಆಯಿತು. ಗೋಕಾಕ ತಾಲ್ಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿಯವರು ಮಠದ ಮುಖವಾಡ ಕಳಚಿದ್ದೂ ಕಾದಂಬರಿಯಿಂದಲೇ. ಆ ಸಾಲು ಎಲ್ಲಿ ನಿಂತಿತು?

ಈಗ ನನ್ನ ಓದಿನ ಮಾತು. ಮೊದಲು ಪ್ರೀತಿ. ಪ್ರೀತಿಯ ಕತೆ ನಮಗೆ ಹೊಸದಲ್ಲ. ‘ಸಂಗ್ಯಾ ಬಾಳ್ಯಾ’ ಬೈಲಹೊಂಗಲದಲ್ಲೇ ನಡೆದ ಘಟನೆಯ ಆಟ. ಗಂಗಿಯ ಆಸೆ, ಸಂಗ್ಯಾನ ಹುಚ್ಚು, ಗೆಳೆಯ ಬಾಳ್ಯಾನ ವಿಶ್ವಾಸಘಾತ. ಅಲ್ಲಿ ಯಾರೂ ಪೂರಾ ಒಳ್ಳೆಯವರಲ್ಲ, ಯಾರೂ ಪೂರಾ ಕೆಟ್ಟವರೂ ಅಲ್ಲ. ಮಾತೆಲ್ಲ ನಮ್ಮ ಓಣಿಯ ಮಾತು. 1963ರಲ್ಲಿ ತೀರಿಕೊಂಡ ತ್ರಿವೇಣಿಯವರು ಹೆಣ್ಣಿನ ಮನಸ್ಸಿನ ಕತ್ತಲೆಗೂ ದೀಪ ಹಿಡಿದರು. ಅವರ ‘ಶರಪಂಜರ’ ಇವತ್ತಿಗೂ ಕಣ್ಣೀರು ತರಿಸುತ್ತದೆ. ರವಿ ಬೆಳಗೆರೆಯವರ ‘ಹೇಳಿ ಹೋಗು ಕಾರಣ’ ಓದದ ಕಾಲೇಜು ಹುಡುಗ ನಮ್ಮ ಕಡೆ ವಿರಳ. ಹಿಮವಂತನ ನೋವಿಗೆ ನಾನೂ ಮರುಗಿದ್ದೇನೆ. ಆದರೆ ನನ್ನದೊಂದು ತಕರಾರಿದೆ. ಕೈಕೊಟ್ಟ ಹುಡುಗಿಯ ಮೇಲೆ ಸಿಟ್ಟು ಬರಿಸುವುದು ಸುಲಭ. ಅವಳ ಮನಸ್ಸಿನೊಳಗೂ ಹೊಕ್ಕು ಬರುವುದು ಕಷ್ಟ. ಗಂಗಿಗೆ ನಮ್ಮ ಹಿಂದಿನವರು ಕೊಟ್ಟ ನ್ಯಾಯವನ್ನು ಇವತ್ತಿನ ಪ್ರೇಮಕಾದಂಬರಿಗಳ ಹುಡುಗಿಯರಿಗೂ ಕೊಡಿ ಎಂದು ಕೇಳುತ್ತೇನೆ. ಇನ್ನೊಂದು ಮಾತು. ಈಗಿನ ನಾಯಕ ನಾಯಕಿಯರು ಬೆಂಗಳೂರಿನ ಕಾಫಿ ಅಂಗಡಿ ಬಿಟ್ಟು ಏಳುವುದೇ ಇಲ್ಲ! ರಾಮದುರ್ಗದ ನೇಕಾರರ ಹುಡುಗಿ ಪ್ರೀತಿ ಮಾಡುವುದಿಲ್ಲವೇ? ಸವದತ್ತಿ ಬಸ್ಟ್ಯಾಂಡಿನಲ್ಲಿ ಯಾರೂ ಯಾರಿಗೂ ಕಾಯುವುದಿಲ್ಲವೇ?

ಎರಡನೆಯದು ಭಯ. ತೆಲುಗಿನಿಂದ ಬಂದ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ಒಂದು ಪೀಳಿಗೆಯ ಕನ್ನಡಿಗರ ನಿದ್ದೆ ಕೆಡಿಸಿತು. 1985ರಲ್ಲಿ ಕನ್ನಡದಲ್ಲೇ ಸಿನಿಮಾ ಆಯಿತು. ಪುಟ್ಟ ಹುಡುಗಿಯ ಮೇಲೆ ಮಾಟ. ಒಂದು ಕಡೆ ಮಂತ್ರವಾದಿ, ಇನ್ನೊಂದು ಕಡೆ ವೈದ್ಯಶಾಸ್ತ್ರ. ಯಾವುದನ್ನು ನಂಬಬೇಕೆಂದು ಓದುವವನಿಗೇ ತಲೆ ತಿರುಗುತ್ತದೆ. ಬೆಳಗೆರೆಯವರ ‘ಮಾಟಗಾತಿ’ ಕೈಗೆತ್ತಿಕೊಂಡರೆ ಕೆಳಗಿಡಲು ಬಿಡುವುದಿಲ್ಲ. ಆದರೆ ಬಂಧುಗಳೇ, ‘ಮಾಟಗಾತಿ’ ಎಂಬ ಶಬ್ದ ಹಳ್ಳಿಯಲ್ಲಿ ಕತೆಯ ಶಬ್ದವಾಗಿ ಉಳಿಯುವುದಿಲ್ಲ. ಒಂಟಿ ಮುದುಕಿಯ ಬಾಗಿಲಿಗೆ ಬಡಿಯುವ ಕಲ್ಲಾಗುತ್ತದೆ. ಅದಕ್ಕೇ 2017ರಲ್ಲಿ ನಮ್ಮ ಬೆಳಗಾವಿಯ ಸುವರ್ಣ ವಿಧಾನಸೌಧದ ಅಧಿವೇಶನದಲ್ಲೇ ವಾಮಾಚಾರ ತಡೆಯುವ ಮಸೂದೆಗೆ ಒಪ್ಪಿಗೆ ಸಿಕ್ಕಿತು. ಭಯದ ಕಾದಂಬರಿ ಬೇಡ ಎನ್ನುವುದಿಲ್ಲ. ಬೇಕು! ದೀಪ ಆರಿಸಲು ಅಂಜುವಷ್ಟು ಬೇಕು! ಆದರೆ ಭಯ ಯಾರ ತಲೆಗೆ ಕಟ್ಟುತ್ತೀರಿ ಎಂಬ ಎಚ್ಚರ ಬರೆಯುವವನಿಗಿರಲಿ. ನಮ್ಮೂರಿನಲ್ಲಿ ದೆವ್ವಕ್ಕಿಂತ ಭಯಾನಕರಾದ ಮನುಷ್ಯರಿದ್ದಾರೆ. ಅವರ ಮೇಲೆ ಬರೆಯಲಿ.

ಮೂರನೆಯದು ಕಲ್ಪನೆಯ ಲೋಕ. ಹನ್ನೆರಡನೆಯ ಶತಮಾನದಲ್ಲೇ ನೇಮಿಚಂದ್ರ ‘ಲೀಲಾವತಿ ಪ್ರಬಂಧಂ’ ಬರೆದ. ರಾಜಕುಮಾರ, ರಾಜಕುಮಾರಿ ಕನಸಿನಲ್ಲಿ ಒಬ್ಬರನ್ನೊಬ್ಬರು ಕಂಡು, ಪ್ರೀತಿಸಿ, ಆಮೇಲೆ ಹುಡುಕಿ ಹೊರಡುವ ಕತೆ! 1949ರಿಂದ ‘ಚಂದಮಾಮ’ ಕನ್ನಡದ ಮಕ್ಕಳಿಗೆ ಬೇತಾಳನನ್ನು ತಂದುಕೊಟ್ಟಿತು. ಅದೂ ನಿಂತುಹೋಯಿತು. ಈಗ ನಮ್ಮ ಮಕ್ಕಳು ಮಾಯಾಲೋಕ ಬೇಕೆಂದರೆ ಇಂಗ್ಲಿಷಿಗೆ ಹೋಗುತ್ತಾರೆ. ಮೂರರಲ್ಲಿ ನಮ್ಮ ಅತಿ ದೊಡ್ಡ ಬರಗಾಲ ಇಲ್ಲಿಯೇ. ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರು ಒಂದು ದಾರಿ ತೋರಿಸಿದ್ದಾರೆ. ಅವರ ‘ಕರಿಸಿರಿಯಾನ’ 1565ರ ಯುದ್ಧದಲ್ಲಿ ಬಿದ್ದ ವಿಜಯನಗರದ ಸಂಪತ್ತಿನ ಜಾಡು ಹಿಡಿದು ಓಡುತ್ತದೆ. ಕತೆಯ ನಡುವೆಯೇ ಆಧಾರ, ಅಡಿಟಿಪ್ಪಣಿ. ಓಟದಲ್ಲಿ ಪಾತ್ರಗಳ ಎದೆಬಡಿತ ಕೆಲವೊಮ್ಮೆ ಕೇಳಿಸುವುದಿಲ್ಲ, ಮಾಹಿತಿಯ ಭಾರ ಹೆಚ್ಚಾಗುತ್ತದೆ. ಆದರೂ ಇತಿಹಾಸದ ಪುಸ್ತಕ ಮುಟ್ಟದ ಹುಡುಗ ಅದನ್ನು ಓದಿ ಹಂಪಿಗೆ ಹೋಗಬೇಕೆನ್ನುತ್ತಾನೆ. ಅಷ್ಟು ಸಾಲದೇ?

ಸಾಮಗ್ರಿ ನಮ್ಮ ಕಾಲಬುಡದಲ್ಲಿದೆ. ಕಿತ್ತೂರಿನ ಹಾಳುಬಿದ್ದ ಅರಮನೆ, ಬೆಳವಡಿ ಮಲ್ಲಮ್ಮನ ಹೆಣ್ಣುಪಡೆ, ಮಲಪ್ರಭೆ ಸೀಳಿಕೊಂಡು ಬರುವ ನವಿಲುತೀರ್ಥದ ಕಣಿವೆ, ತೊರಗಲ್ಲ ಕೋಟೆ, ಸುರೇಬಾನದ ಶಬರಿಕೊಳ್ಳ. ಬೇರೆ ದೇಶದವರ ಹತ್ತಿರ ಇದರಲ್ಲಿ ಒಂದಿದ್ದರೆ ಏಳು ಸಂಪುಟ ಬರೆಯುತ್ತಿದ್ದರು! ನಾವು ಅದರ ಮುಂದೆ ನಿಂತು ಫೋಟೋ ಹೊಡೆಸಿಕೊಂಡು ಬರುತ್ತೇವೆ.

ಕೊನೆಗೆ ನನ್ನ ಕಸುಬಿನ ಲೆಕ್ಕ. ಹದಿನಾರು ಪುಟಕ್ಕೆ ಒಂದು ಫಾರಂ. 200 ಪುಟದ ಕಾದಂಬರಿಗೆ ಹನ್ನೆರಡೂವರೆ ಫಾರಂ. ಅಕ್ಷರ ಜೋಡಿಸುವ, ಕರಡು ತಿದ್ದುವ, ಪ್ಲೇಟು ಮಾಡುವ ಖರ್ಚು 300 ಪ್ರತಿಗೂ ಅಷ್ಟೇ, 3,000 ಪ್ರತಿಗೂ ಅಷ್ಟೇ. ಪ್ರತಿ ಹೆಚ್ಚಿದರೆ ಕಾಗದ, ಅಚ್ಚು, ಬೈಂಡಿಂಗಿನ ಖರ್ಚು ಮಾತ್ರ ಏರುತ್ತದೆ, ಒಂದೊಂದು ಪ್ರತಿಗೆ ಬೀಳುವ ಖರ್ಚು ಇಳಿಯುತ್ತದೆ. ಅಂದರೆ ಓದುಗರು ಕಡಿಮೆಯಾದಷ್ಟೂ ಪುಸ್ತಕ ತುಟ್ಟಿ, ಪುಸ್ತಕ ತುಟ್ಟಿಯಾದಷ್ಟೂ ಓದುಗರು ಕಡಿಮೆ. ಈ ಉರುಳನ್ನು ಸರಕಾರ ಬಿಚ್ಚುವುದಿಲ್ಲ. ಕೊಳ್ಳುವವನು ಬಿಚ್ಚಬೇಕು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ತಾಲ್ಲೂಕಿಗೆ ಐವತ್ತು ಹುಡುಗ ಹುಡುಗಿಯರು ಒಂದೊಂದು ಕಾದಂಬರಿ ಕೊಂಡರೂ 200 ಪ್ರತಿ ಆಯಿತು. ಹೊಸದಾಗಿ ಬರೆಯುವ ಒಬ್ಬನಿಗೆ ಅದು ದೊಡ್ಡ ಆನೆಬಲ!

ನೀವು ಹೋರಾಟ ಬಿಡಬೇಡಿ. ಅಂಗಡಿಯ ಬೋರ್ಡು ಕನ್ನಡವಾಗಲಿ, ಬ್ಯಾಂಕಿನ ಚಲನ್ನು ಕನ್ನಡವಾಗಲಿ. ಆದರೆ ಬೋರ್ಡು ಕನ್ನಡವಾಗಿ, ಅದರ ಕೆಳಗೆ ನಿಂತ ಹುಡುಗನ ರಾತ್ರಿಯ ಕನಸು ಬೇರೆ ಭಾಷೆಯದಾದರೆ ಗೆದ್ದವರು ಯಾರು? ಈ ರಾಜ್ಯೋತ್ಸವಕ್ಕೆ ಒಂದು ದೊಡ್ಡ ಫ್ಲೆಕ್ಸು ಕಡಿಮೆ ಮಾಡಿ. ಆ ದುಡ್ಡಿನಲ್ಲಿ ನಾಲ್ಕಾರು ಕಾದಂಬರಿ ತಂದು ನಿಮ್ಮ ಗೆಳೆಯರ ಬಳಗದಲ್ಲಿ ಕೈಯಿಂದ ಕೈಗೆ ದಾಟಿಸಿ. ಪ್ರೇಮದ್ದೋ, ದೆವ್ವದ್ದೋ, ನಿಧಿಯದ್ದೋ, ನಿಮ್ಮಿಷ್ಟ. ಚೆನ್ನಾಗಿದ್ದರೆ ಹೊಗಳಿ, ಕೆಟ್ಟದಾಗಿದ್ದರೆ ಬರೆದವರಿಗೇ ಪತ್ರ ಬರೆದು ಬೈಯಿರಿ. ಆ ಪತ್ರ ಮಾತ್ರ ಕನ್ನಡ ಅಕ್ಷರದಲ್ಲಿರಲಿ!

ಸಿರಿಗನ್ನಡಂ ಗೆಲ್ಗೆ!