ಗೊರಕೆ: ಮನೆಯವರು ಗಮನಿಸಬೇಕಾದ ಕಾಯಿಲೆ



ಗೊರಕೆ ಹೊಡೆಯುವವರಿಗೆ ಒಳ್ಳೆಯ ನಿದ್ದೆ ಬಂದಿದೆ ಎಂದು ನಾವು ತಿಳಿಯುತ್ತೇವೆ. ಎಲ್ಲ ಗೊರಕೆಯೂ ಕಾಯಿಲೆಯಲ್ಲ ನಿಜ. ಆದರೆ ಜೋರಾದ ಗೊರಕೆ ಒಮ್ಮೆಲೇ ನಿಂತು, ಸ್ವಲ್ಪ ಹೊತ್ತಿಗೆ ಉಸಿರು ಕಟ್ಟಿದವರಂತೆ ಬೆಚ್ಚಿ, ಮತ್ತೆ ಗೊರಕೆ ಶುರುವಾದರೆ ಕಡೆಗಣಿಸಬೇಡಿ. ಇದೇ ಸ್ಲೀಪ್ ಆಪ್ನಿಯಾ.

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಾಗಿ, ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿ ಮುಚ್ಚುತ್ತದೆ. 10 ಸೆಕೆಂಡು ಅಥವಾ ಹೆಚ್ಚು ಹೊತ್ತು ಉಸಿರು ನಿಲ್ಲುತ್ತದೆ. ಕಾಯಿಲೆ ತೀವ್ರವಾದವರಲ್ಲಿ ಗಂಟೆಗೆ 30ಕ್ಕಿಂತ ಹೆಚ್ಚು ಸಲ ಹೀಗಾಗುತ್ತದೆ. ಮಲಗಿದವರಿಗೆ ಇದು ಗೊತ್ತೇ ಆಗುವುದಿಲ್ಲ. ಪಕ್ಕದಲ್ಲಿರುವ ನೀವೇ ಕಂಡು ಹೇಳಬೇಕು.

ಬೆಳಿಗ್ಗೆ ತಲೆನೋವು, ಬಾಯಿ ಒಣಗುವುದು, ಹಗಲು ತೂಕಡಿಕೆ, ಔಷಧಿಗೂ ಇಳಿಯದ ಬಿ.ಪಿ. ಇದರ ಲಕ್ಷಣಗಳು. ಬೊಜ್ಜು, ದಪ್ಪ ಕುತ್ತಿಗೆ ಇದ್ದವರಲ್ಲಿ ಹೆಚ್ಚು. ಮಕ್ಕಳಲ್ಲಿ ಬೆಳೆದ ಟಾನ್ಸಿಲ್ ಕಾರಣವಾಗಬಹುದು. ಚಿಕಿತ್ಸೆ ಇಲ್ಲದಿದ್ದರೆ ಹೃದಯರೋಗ, ಲಕ್ವದ ಅಪಾಯ ಹೆಚ್ಚುತ್ತದೆ.

ಹುಮನಾಬಾದ್ ಮೂಲಕ ಹಾದುಹೋಗುವ ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿಯಲ್ಲಿ ರಾತ್ರಿಯಿಡೀ ಲಾರಿಗಳು ಓಡುತ್ತವೆ. ನಿಮ್ಮ ಮನೆಯಲ್ಲಿ ಚಾಲಕರಿದ್ದು, ಅವರಿಗೆ ಈ ಲಕ್ಷಣಗಳಿದ್ದರೆ ತಡಮಾಡಬೇಡಿ. ಸ್ಟೇರಿಂಗ್ ಮುಂದೆ ಒಂದು ಕ್ಷಣ ಕಣ್ಣು ಮುಚ್ಚಿದರೂ ಜೀವ ಹೋದೀತು. ತೂಕಡಿಕೆ ಇರುವಾಗ ಗಾಡಿ ಓಡಿಸಲೇಬಾರದು.

ಏನು ಮಾಡಬೇಕು?

1. ತೂಕ ಇಳಿಸಿ. ಅಂಗಾತ ಮಲಗದೆ ಮಗ್ಗುಲಾಗಿ ಮಲಗಿ.

2. ಮದ್ಯ, ಬೀಡಿ-ಸಿಗರೇಟು ಬಿಡಿ. ವೈದ್ಯರನ್ನು ಕೇಳದೆ ನಿದ್ದೆ ಮಾತ್ರೆ ನುಂಗಬೇಡಿ. ಅದು ಗಂಟಲನ್ನು ಇನ್ನಷ್ಟು ಸಡಿಲಗೊಳಿಸುತ್ತದೆ.

3. ಕಿವಿ-ಮೂಗು-ಗಂಟಲು ಅಥವಾ ಶ್ವಾಸಕೋಶದ ವೈದ್ಯರಿಗೆ ತೋರಿಸಿ. ನಿದ್ದೆಯ ಪರೀಕ್ಷೆಯಲ್ಲಿ ಉಸಿರು, ಆಮ್ಲಜನಕ, ಹೃದಯ ಬಡಿತವನ್ನು ರಾತ್ರಿ ಅಳೆಯುತ್ತಾರೆ. ನೋವಿರುವುದಿಲ್ಲ.

4. ಅಗತ್ಯವಿದ್ದವರಿಗೆ ಸಿ-ಪ್ಯಾಪ್ ಯಂತ್ರ ಕೊಡುತ್ತಾರೆ. ಮಾಸ್ಕಿನ ಮೂಲಕ ಒತ್ತಡದ ಗಾಳಿ ಕಳಿಸಿ ಗಂಟಲನ್ನು ತೆರೆದಿಡುತ್ತದೆ. ಮೊದಲು ಕಿರಿಕಿರಿ ಎನಿಸಿದರೂ ಪ್ರತಿ ರಾತ್ರಿ ಹಾಕಿಕೊಳ್ಳಬೇಕು.

ಇನ್ನೊಂದು ಮುಖ್ಯ ಮಾತು. ಯಾವುದೇ ಆಪರೇಷನ್ನಿಗೆ ಮುಂಚೆ ಗೊರಕೆಯ ವಿಷಯವನ್ನು ಅರಿವಳಿಕೆ ವೈದ್ಯರಿಗೆ ಹೇಳಿ. ಅರಿವಳಿಕೆಯ ನಂತರ ಇವರ ಉಸಿರನ್ನು ಹೆಚ್ಚು ಎಚ್ಚರದಿಂದ ಗಮನಿಸಬೇಕಾಗುತ್ತದೆ.

ಇಂದು ರಾತ್ರಿ ನಿಮ್ಮವರು ಮಲಗಿದಾಗ ಸ್ವಲ್ಪ ಹೊತ್ತು ಕಿವಿಗೊಡಿ. ಉಸಿರು ನಿಲ್ಲುವುದು ಕಂಡರೆ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ವೈದ್ಯರಿಗೆ ತೋರಿಸಿ. ನಾಚಿಕೆ ಬೇಡ, ನಗೆಯೂ ಬೇಡ.